ಕೆರೆ ಡಾಂಬರು

ಮಂಜುಗಡ್ಡೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತವನು ಎಷ್ಟೇ ಗಂಭೀರವಾಗಿದ್ದರೂ ನೋಡುವವರಿಗೆ ನಗು ಬರುತ್ತದೆ ಎಂಬುದು ಚಿತ್ತಪ್ಪನಿಗೆ ಐಮಂಗಲ ದಾಟುವ ಹೊತ್ತಿಗೆ ಖಾತ್ರಿಯಾಯಿತು. ಚಿತ್ರದುರ್ಗದ ಬಸ್ ಸ್ಟ್ಯಾಂಡಿನ ಹಿಂದೆ ಐಸ್‌ಕ್ಯಾಂಡಿ ಮಾಡುವವನು ಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹೊರಳಾಡಿಸಿ, ಗೋಣಿತಾಟಿನಲ್ಲಿ ಸುತ್ತಿ, ಹುರಿಯಿಂದ ಬಿಗಿದು ಕೊಡುವಾಗ "ಮನೇಲಿ ಮದುವೇನಾ ಸಾರ್?" ಎಂದು ಕೇಳಿದ್ದ. ಚಿತ್ತಪ್ಪ ಹೌದು ಎಂದಿದ್ದ. ಮದುವೆಯೇ ಮತ್ತೆ, ಐದು ವರ್ಷದಿಂದ ಕಾದ ಮುಹೂರ್ತ. ಆದರೆ ಎಮರ್ಜೆನ್ಸಿ ಹೋದ ಮೇಲೆ ಬಸ್ಸುಗಳು ತಮ್ಮ ಹಳೆಯ ಚಾಳಿಗೆ ಬಿದ್ದಿದ್ದವು, ಡ್ರೈವರು ಕೈ ಅಡ್ಡ ಹಿಡಿದವರಿಗೆಲ್ಲ ನಿಲ್ಲಿಸುತ್ತಿದ್ದ, ಏಪ್ರಿಲ್ಲಿನ ಬಿಸಿಲು ಬೆಳಗ್ಗೆಯೇ ತಗಡಿನೊಳಕ್ಕೆ ಇಳಿದಿತ್ತು, ತಾಟಿನಿಂದ ಜಿನುಗಿದ ನೀರು ಅವನ ಇಸ್ತ್ರಿ ಮಾಡಿದ ಪ್ಯಾಂಟನ್ನು ಆಗಬಾರದ ಜಾಗದಲ್ಲೇ ತೋಯಿಸಿತ್ತು. ಎದುರಿನ ಸೀಟಿನಲ್ಲಿ ಶೇಂಗಾ ಚೀಲದ ಮೇಲೆ ಕಾಲಿಟ್ಟು ಕೂತಿದ್ದ ಧರ್ಮಪುರದ ಕಡೆಯ ಹೆಂಗಸು ಬಹಳ ಹೊತ್ತು ನೋಡಿ, ಕೊನೆಗೆ ಕರುಣೆಯಿಂದಲೇ, "ಅಣ್ಣಾ, ನಿಂದು ಸೋರ್ತೈತೆ" ಎಂದಳು. ಹಿಂದಿನ ಸೀಟುಗಳೆಲ್ಲ ನಕ್ಕವು. ಚಿತ್ತಪ್ಪ ತಾನೂ ನಗಬೇಕೆಂದು ಹಲ್ಲು ತೋರಿಸಿದ, ನಗು ಹೊರಡಲಿಲ್ಲ. ನಗಲಿ, ಎಲ್ಲರೂ ನಗಲಿ, ಮಧ್ಯಾಹ್ನದ ಹೊತ್ತಿಗೆ ಅಳುವವನೊಬ್ಬ ಇದ್ದಾನೆ ಎಂದುಕೊಂಡು ಗಡ್ಡೆಯನ್ನು ಇನ್ನಷ್ಟು ಅವುಚಿಕೊಂಡ.

ಡಾಂಬರಿಗೂ ಮುಪ್ಪು ಬರುತ್ತದೆ. ಹೊಸದಾಗಿ ಹಾಕಿದಾಗ ಅದರೊಳಗೆ ಎಣ್ಣೆಯ ಅಂಶವಿರುತ್ತದೆ, ಬೆರಳಿಟ್ಟರೆ ಬಗ್ಗುತ್ತದೆ, ಲಾರಿ ಹತ್ತಿದರೆ ತಗ್ಗಿ ಮತ್ತೆ ಎದ್ದುಕೊಳ್ಳುತ್ತದೆ. ಬಿಸಿಲು ಗಾಳಿ ಸೇರಿ ವರ್ಷ ವರ್ಷ ಆ ಜೀವವನ್ನು ಹೀರುತ್ತವೆ. ಆಮೇಲೆ ಅದು ಬಿರುಸಾಗುತ್ತದೆ, ಬಗ್ಗುವುದನ್ನು ಮರೆಯುತ್ತದೆ, ಒಂದು ದಿನ ಕೂದಲೆಳೆಯಷ್ಟು ಬಿರುಕು ಬಿಟ್ಟು, ಆ ಬಿರುಕಿಗೆ ಮಳೆ ಇಳಿದು, ರಸ್ತೆ ಎದ್ದು ಹೋಗುತ್ತದೆ. ಇದನ್ನೆಲ್ಲ ಕಂಡುಹಿಡಿಯುವುದು ಒಂದು ಸೂಜಿಯಿಂದ. ರಸ್ತೆಯ ತುಂಡನ್ನು ಕಡಿದು ತಂದು, ದ್ರಾವಕದಲ್ಲಿ ಕರಗಿಸಿ ಜಲ್ಲಿಯನ್ನು ಬೇರೆ ಮಾಡಿ, ಉಳಿದ ಡಾಂಬರನ್ನು ಡಬ್ಬಿಗೆ ಹುಯ್ದು, ನೀರಿನಲ್ಲಿ ಮುಳುಗಿಸಿಟ್ಟು, ತೂಕ ಹೇರಿದ ಸೂಜಿಯನ್ನು ಅದರ ಮೇಲೆ ಬಿಟ್ಟರೆ ಆಯಿತು. ಆಳಕ್ಕೆ ಇಳಿದರೆ ಪ್ರಾಯ ಇನ್ನೂ ಇದೆ ಎಂದರ್ಥ. ಮೇಲೇ ನಿಂತರೆ ಮುಪ್ಪು. ಒಂದೇ ತೊಡಕು, ನೀರು ಇರಬೇಕಾದಷ್ಟೇ ತಣ್ಣಗಿರಬೇಕು. ಮಣ್ಣಿನ ಗಡಿಗೆಯ ನೀರು ಸಾಕು. ಅದಕ್ಕಿಂತ ತಣ್ಣಗಾದರೆ ಪ್ರಾಯದ ಡಾಂಬರೂ ಸೆಟೆದುಕೊಂಡು ಮುದುಕನಂತೆ ನಟಿಸುತ್ತದೆ. ಹಿರಿಯೂರಿನ ಸಬ್ ಡಿವಿಷನ್ನಿನ ಪರೀಕ್ಷೆಯ ಕೋಣೆಗೆ ಜೂನಿಯರ್ ಇಂಜಿನಿಯರ್ ಚಿತ್ತಪ್ಪನೇ ಯಜಮಾನ. ಐಸನ್ನು ಯಾವಾಗ ಹಾಕಿದ, ಯಾವಾಗ ತೆಗೆದ ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

ಅಳಬೇಕಾದವನು ಈರಬಸಪ್ಪ. ಹೊಳಲ್ಕೆರೆ ಕಡೆಯವನು, ಹೊಸದುರ್ಗದಲ್ಲಿ ಹತ್ತು ಜನರನ್ನು ಬೈದು ಹಿರಿಯೂರಿಗೆ ಬಂದು ಇಪ್ಪತ್ತು ಜನರನ್ನು ಬೈಯುತ್ತಿದ್ದ ಅಸಿಸ್ಟೆಂಟ್ ಎಕ್ಸಿಕ್ಯುಟಿವ್ ಇಂಜಿನಿಯರ್. ಸಮುದ್ರದಾಚೆ ಎಲ್ಲೋ ನೆಲದೊಳಗಿಂದ ತಾನಾಗಿ ಉಕ್ಕಿ ಕೆರೆಯಂತೆ ನಿಂತಿರುವ ಡಾಂಬರು ಇದೆಯಂತೆ. ಅದನ್ನು ಪೀಪಾಯಿಗಳಲ್ಲಿ ತರಿಸಿ, ನಮ್ಮ ಎಣ್ಣೆ ಕಾರ್ಖಾನೆಯ ಡಾಂಬರಿಗೆ ಬೆರೆಸಿ, ಜವನಗೊಂಡನಹಳ್ಳಿಯ ಹತ್ತಿರ ಹೆದ್ದಾರಿಯ ಒಂದು ತುಂಡಿಗೆ ಹಾಕಿಸಿದವನು ಅವನು. ಗ್ಯಾಂಗಿನವರು ಅದಕ್ಕೆ ಕೆರೆ ಡಾಂಬರು ಎಂದು ಹೆಸರಿಟ್ಟರು. "ಲೇ ಚಿತ್ತಪ್ಪ, ಇದು ನೆಲದಾಗೇ ಮುದಿಯಾಗಿ ಬಂದೈತೆ ಕಣೋ. ಆಗ್ಲೇ ಮುದಿಯಾದದ್ದು ಇನ್ನೇನು ಮುದಿಯಾಗ್ತೈತೆ?" ಎಂದು ಈರಬಸಪ್ಪ ಬಾಯ್ಲರಿನ ಪಕ್ಕ ನಿಂತು, ಹಸೆಗೆ ಕೂತ ಮಗಳನ್ನು ನೋಡುವವನ ಹಾಗೆ ಕುದಿಯುವ ಕಪ್ಪನ್ನು ನೋಡುತ್ತಿದ್ದ. ಆ ತುಂಡು ಮುಗಿಯುವಲ್ಲಿ ನೆಟ್ಟ ಗಡಿಗಲ್ಲಿನ ಆಚೆಗೆ ಅಷ್ಟೇ ಉದ್ದದ ಇನ್ನೊಂದು ತುಂಡು, ಬರೀ ಮಾಮೂಲಿ ಡಾಂಬರಿನದು. ಹೋಲಿಸಿ ನೋಡಲಿಕ್ಕೆ. ಅದನ್ನು ಹಾಕಿಸುವ ಉಸ್ತುವಾರಿ ಚಿತ್ತಪ್ಪನದು. "ನಿಂದು ಸೋಲಾಕಂತ ಹಾಕೋ ರಸ್ತೆ. ಅದನ್ನಾದ್ರೂ ನೆಟ್ಟಗೆ ಹಾಕು" ಎಂದು ಅವನು ಎಲ್ಲರೆದುರು ಅಂದದ್ದಕ್ಕೆ ಗ್ಯಾಂಗಿನವರು ನಕ್ಕಿದ್ದರು. ಚಿತ್ತಪ್ಪನೂ ನಕ್ಕಿದ್ದ. ಅದು ಅವನಿಗಿದ್ದ ಕೆಟ್ಟ ಅಭ್ಯಾಸ, ಯಾರು ಹೊಡೆದರೂ ಮೊದಲು ನಗುವುದು.

ಹಿರಿಯೂರಿನಲ್ಲಿ ಇಳಿದು ಆಫೀಸಿನತ್ತ ನಡೆಯುವಾಗ ಗಡ್ಡೆ ಅರ್ಧವಾಗಿತ್ತು. ಭಾನುವಾರ, ಆಫೀಸಿಗೆ ರಜೆ, ಬೇವಿನ ಮರದ ಕೆಳಗೆ ಜೀಪೂ ಇರಲಿಲ್ಲ. ಸದ್ಯ, ಪರೀಕ್ಷೆ ನೋಡಲು ಈರಬಸಪ್ಪ ಬರುವುದು ಮಧ್ಯಾಹ್ನಕ್ಕೇ. ಚಿತ್ತಪ್ಪ ಕೋಣೆಯ ಬೀಗ ತೆಗೆದು ಗಡ್ಡೆಯನ್ನು ಒಳಗಿಟ್ಟ. ಐದು ವರ್ಷದ ಹಿಂದಿನ ಮಾತು. ಕೆರೆ ಡಾಂಬರಿನ ಮೇಲೆ ರೋಲರಿನ ಕೊನೆಯ ಸುತ್ತು ಮುಗಿದು, ರಸ್ತೆ ಇನ್ನೂ ಬಿಸಿಯಾಗಿ ಮಿರಮಿರನೆ ಮಿಂಚುತ್ತಿದ್ದಾಗ ಕೆಳಗಿನ ಹಳ್ಳದಿಂದ ಕುರಿ ಹಿಂಡೊಂದು ಮೇಲೆ ಹತ್ತಿತು. ಕುರಿಗೆ ಸರ್ಕಾರ ಗೊತ್ತಿಲ್ಲ. ಮುಂದಿನದು ನಡೆದರೆ ಹಿಂದಿನದೂ ನಡೆಯುತ್ತದೆ. ಬಿಸಿ ತಾಗಿ ಅರಚುತ್ತ, ಜಿಗಿಯುತ್ತ, ರಸ್ತೆಯ ಅಂಚನ್ನು ತುಳಿದು ಇಡೀ ಹಿಂಡು ಆಚೆ ದಾಟಿತು. ಹಿಂದೆ ಕಂಬಳಿ ಹೊದ್ದ ಮುದುಕ. ಗೊರಸುಗಳು ಸಾಲು ಸಾಲಾಗಿ ಅಚ್ಚೊತ್ತಿದ್ದವು. "ಯಾವನವು ಆ ಕುರಿ?" ಎಂದು ಈರಬಸಪ್ಪ ಕೂಗಿದ. ಚಿತ್ತಪ್ಪ ಬಾಯಿ ಬಿಡಲಿಲ್ಲ. ಗ್ಯಾಂಗ್ ಮೇಸ್ತ್ರಿ ಪಾಲಯ್ಯ ಒಳ್ಳೆಯ ಮನಸ್ಸಿನಿಂದಲೇ, ಸಾಹೇಬರಿಗೆ ವಿಷಯ ತಿಳಿದರೆ ಸಿಟ್ಟು ಇಳಿದೀತೆಂದು, "ಅವು ನಮ್ಮ ಚಿತ್ತಪ್ಪ ಸಾಹೇಬ್ರ ತಂದೇವು ಸ್ವಾಮಿ, ಕಾಟಲಿಂಗಪ್ಪಾರವು" ಎಂದುಬಿಟ್ಟ. ಈರಬಸಪ್ಪ ತಿರುಗಿ ನೋಡಿದ. ಆ ನೋಟದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಒಂದು ಮೋಜಿತ್ತು. "ಹೌದೇನಯ್ಯ? ನಡಿ ಮತ್ತೆ, ನಿಮ್ಮನೆ ತೋರ್ಸು."

ಕುರಿ ಸಾಕುವವರ ಹಟ್ಟಿ ಅದು, ಸುತ್ತ ಕಾರೆಮುಳ್ಳಿನ ಬೇಲಿ. ಆ ಬೇಲಿಯ ಬಾಯಿಯಿಂದ ಒಳಗೆ ಮೆಟ್ಟು ಹಾಕಿಕೊಂಡು ಯಾರೂ ಹೋಗುವುದಿಲ್ಲ, ಒಳಗೆ ದೇವರಿದ್ದಾನೆ. ಬಂದ ನೆಂಟ ಬಿಡುತ್ತಾನೆ, ಬಳೆಗಾರ ಬಿಡುತ್ತಾನೆ, ಕಂದಾಯಕ್ಕೆ ಬಂದ ಶಾನುಭೋಗನೂ ಬಿಡುತ್ತಾನೆ. ಈರಬಸಪ್ಪನಿಗೆ ಗೊತ್ತಿರಲಿಲ್ಲ. ಚಿತ್ತಪ್ಪನಿಗೆ ಗೊತ್ತಿತ್ತು. ಸಾರ್, ಬೂಟು ಬಿಡಬೇಕು. ಎಷ್ಟು ಸಣ್ಣ ಮಾತು! ಬೇಲಿ ಹತ್ತಿರವಾದಂತೆ ಆ ಮಾತು ನಾಲಗೆಯ ತುದಿಗೆ ಬಂತು, ಹಿಂದಕ್ಕೆ ಹೋಯಿತು, ಮತ್ತೆ ಬಂತು. ಹೇಳಿದರೆ ಇವನು ನಗುತ್ತಾನೆ, ನಾಳೆ ಆಫೀಸಿನಲ್ಲಿ ಇದೇ ಕತೆಯಾಗುತ್ತದೆ, ಇಂಜಿನಿಯರ್ ಆದರೂ ಇವನು ಹಟ್ಟಿಯವನೇ ಎನ್ನುತ್ತಾರೆ. ಬಗ್ಗಿ ತನ್ನ ಬೂಟಿನ ಲೇಸು ಬಿಚ್ಚುವಷ್ಟು ಹೊತ್ತು ಇವನು ಕಾಯುವುದೂ ಇಲ್ಲ. ಅಷ್ಟರಲ್ಲಿ ಬೇಲಿ ದಾಟಿಯಾಗಿತ್ತು. ಇಬ್ಬರೂ ಬೂಟಿನಲ್ಲಿದ್ದರು. ಸಗಣಿ ಹಾಕಿ ಗುಡಿಸಿದ ಅಂಗಳದಲ್ಲಿ, ದೇವರ ಗುಡಿಯ ಮುಂದಿನ ಚಪ್ಪಡಿಗಳ ಮೇಲೆ, ಡಾಂಬರಿನ ಕಪ್ಪು ಅಡಿಗಳು ಎರಡು ಸಾಲಾಗಿ ಮೂಡಿದವು. ತಾಯಿ ಜುಂಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಈರಬಸಪ್ಪ ಸರ್ಕಾರಿ ರಸ್ತೆ, ಪೊಲೀಸು, ಜೈಲು ಎಂದು ಏನೇನೋ ಕೂಗಾಡಿದ. ಕಾಟಲಿಂಗಪ್ಪ ಅವನ ಕಡೆ ಒಮ್ಮೆಯೂ ನೋಡಲಿಲ್ಲ, ಮಗನ ಪಾದಗಳನ್ನೇ ನೋಡುತ್ತಿದ್ದ. ಸಂಜೆ ಒಬ್ಬನೇ ವಾಪಸ್ಸು ಬಂದಾಗ ಬೇಲಿಯ ಬಾಯಿಗೆ ಮುಳ್ಳು ಎಳೆದಾಗಿತ್ತು. "ಅವ್ನು ಹೊರಗಿನೋನು, ಅವ್ನಿಗೆ ತಿಳೀದು. ನಿನಗೆ ತಿಳಿದಿತ್ತಲ್ಲೋ" ಎಂದು ತಂದೆ ಒಳಗಿನಿಂದ ಹೇಳಿದ. ಅಲ್ಲಿಂದ ಈಚೆಗೆ ತಾಯಿ ಮುಳ್ಳಿನ ಸಂದಿಯಿಂದ ಮಜ್ಜಿಗೆಯ ಚೊಂಬು ಕೊಡುತ್ತಾಳೆ. ಚಿತ್ತಪ್ಪನ ಮಗುವನ್ನು ಎತ್ತಿಕೊಳ್ಳಬೇಕೆಂದರೆ ಅಜ್ಜ ಬೇಲಿಯ ಹೊರಗೆ ಬರುತ್ತಾನೆ, ಎತ್ತಿಕೊಂಡು ಮುದ್ದಾಡಿ, ಚಿತ್ತಪ್ಪ ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಅವನ ಹೆಂಡತಿಯ ಕೈಗೆ ಕೊಟ್ಟು ಒಳಗೆ ಹೋಗುತ್ತಾನೆ.

ಮನುಷ್ಯ ತನ್ನನ್ನು ತಾನು ಎಷ್ಟು ದಿನ ದ್ವೇಷಿಸಬಲ್ಲ? ಸುಸ್ತಾಗುತ್ತದೆ. ಊಟ ಸೇರಬೇಕು, ನಿದ್ದೆ ಬರಬೇಕು, ಕನ್ನಡಿಯಲ್ಲಿ ಮುಖ ನೋಡಿ ಗಡ್ಡ ಕೆರೆಯಬೇಕು. ಈರಬಸಪ್ಪನನ್ನು ದ್ವೇಷಿಸುವುದು ಅದಕ್ಕಿಂತ ಎಷ್ಟೋ ಸಲೀಸಾಗಿತ್ತು, ಅವನು ದಿನಾ ಎದುರಿಗೇ ಇರುತ್ತಿದ್ದ. ಅವನ ಏಲಕ್ಕಿ ಅಗಿಯುವ ಸದ್ದು, ಅವನು ಕುರ್ಚಿಯಲ್ಲಿ ಹಿಂದಕ್ಕೊರಗಿ ಬೂಟಿನ ತುದಿ ಅಲ್ಲಾಡಿಸುವುದು, ‘ಲೇ’ ಎನ್ನುವಾಗ ಮೇಲೇಳುವ ಅವನ ಗದ್ದ, ಒಂದೊಂದನ್ನೂ ಚಿತ್ತಪ್ಪ ಜತನದಿಂದ ಕೂಡಿಟ್ಟುಕೊಂಡಿದ್ದ. ಈಗ ಐದು ವರ್ಷ ತುಂಬಿದ ಮೇಲಿನ ಈ ಪರೀಕ್ಷೆಯಲ್ಲಿ ಕೆರೆ ಡಾಂಬರು ಗೆದ್ದರೆ ಹಿರಿಯೂರಿನಿಂದ ಚಿತ್ರದುರ್ಗದವರೆಗೆ ಇಡೀ ಹೆದ್ದಾರಿಗೆ ಅದೇ ಬೀಳುತ್ತದೆ, ಈರಬಸಪ್ಪ ಬೆಂಗಳೂರಿಗೆ ದೊಡ್ಡ ಕುರ್ಚಿಗೆ ಹೋಗುತ್ತಾನೆ. ಸೋತರೆ, ಹಡಗಿನಲ್ಲಿ ಪೀಪಾಯಿ ತರಿಸಿ ಸರ್ಕಾರದ ದುಡ್ಡು ಮಣ್ಣು ಮಾಡಿದವನು ಎಂದು ಸಾಯುವವರೆಗೂ ಹೆಸರು. ಅವನು ತಲೆ ಬಗ್ಗಿಸಿ ನಿಲ್ಲುವುದನ್ನು ಒಂದು ಸಲ ಕಣ್ತುಂಬ ನೋಡಿದರೆ ಸಾಕು, ಆ ಕಪ್ಪು ಅಡಿಗಳಲ್ಲಿ ಒಂದು ಸಾಲಾದರೂ ಅಳಿಸಿಹೋದೀತು ಎಂದು ಚಿತ್ತಪ್ಪ ನಂಬಿಕೊಂಡಿದ್ದ.

ಡಬ್ಬಿ ಸಿದ್ಧವಾಗಿತ್ತು. ಹೋದ ವಾರ ಕೆರೆ ಡಾಂಬರಿನ ತುಂಡಿನ ಅಂಚಿನಿಂದ ಒಂದು ಚಪ್ಪಡಿ ಕಡಿದು ಕಳಿಸು ಎಂದು ಪಾಲಯ್ಯನಿಗೆ ಹೇಳಿದ್ದ, ಪಾಲಯ್ಯ ಕಳಿಸಿದ್ದ. ನಿನ್ನೆಯೆಲ್ಲ ಕೂತು ಕರಗಿಸಿ, ಸೋಸಿ, ಡಾಂಬರನ್ನು ತೆಗೆದಿಟ್ಟಿದ್ದ. ಐಸನ್ನು ಸುತ್ತಿಗೆಯಿಂದ ಒಡೆಯುವ ಮೊದಲು, ಒಂದು ಸಲ ಸತ್ಯವನ್ನೂ ನೋಡಿಬಿಡೋಣ ಎನ್ನಿಸಿತು. ಅದು ಪ್ರಾಮಾಣಿಕತೆಯೇನೂ ಅಲ್ಲ. ಏನನ್ನು ಕೊಲ್ಲುತ್ತಿದ್ದೇನೆಂದು ತಿಳಿದು ಕೊಂದರೆ ರುಚಿ ಹೆಚ್ಚು. ಗಡಿಗೆಯ ನೀರಿನಲ್ಲಿ ಡಬ್ಬಿ ಇಟ್ಟು, ಕಾಯುವಷ್ಟು ಕಾದು, ಸೂಜಿ ಬಿಟ್ಟ. ಗಡಿಯಾರದಂಥ ಬಿಲ್ಲೆಯ ಮೇಲೆ ಮುಳ್ಳು ಒಂದಿಷ್ಟು ಅಲುಗಿ ನಿಂತುಬಿಟ್ಟಿತು. ಇನ್ನೊಂದು ಕಡೆ ಬಿಟ್ಟ. ಅಷ್ಟೇ. ಡಾಂಬರು ಕಲ್ಲಾಗಿತ್ತು. ಐದು ವರ್ಷಕ್ಕೆ ಇಷ್ಟು ಮುಪ್ಪು! ಚಿತ್ತಪ್ಪ ಬಾಗಿಲು ಮುಚ್ಚಿಕೊಂಡು ನಕ್ಕ, ಈ ಸಲ ನಿಜವಾದ ನಗು, ಹೊಟ್ಟೆಯಿಂದ ಬಂದದ್ದು. ಮೋಸವೂ ಬೇಕಿರಲಿಲ್ಲ, ಐಸೂ ಬೇಕಿರಲಿಲ್ಲ. ನೆಲದಾಗೇ ಮುದಿಯಾಗಿ ಬಂದೈತೆ ಕಣೋ! ಅವನ ದನಿಯನ್ನೇ ಅಣಕಿಸಿ ಖಾಲಿ ಕೋಣೆಗೆ ಕೇಳುವಂತೆ ಅಂದ. ಐಸನ್ನು ಕುಡಿಯುವ ನೀರಿನ ಹೂಜಿಗೆ ಹಾಕಿದ. ಸಾಹೇಬರು ಬಿಸಿಲಿನಲ್ಲಿ ಬರುತ್ತಾರೆ, ತಣ್ಣಗೆ ಕುಡಿಯಲಿ.

ಕಿಟಕಿಯ ಮೇಲೆ ಒಣಗಲು ಇಟ್ಟಿದ್ದ ಸೋಸಿದ ಕಾಗದವನ್ನು ಎಸೆಯಲು ಎತ್ತಿಕೊಂಡಾಗ ಅವನ ಕೈ ಅಲ್ಲೇ ನಿಂತಿತು. ಕಾಗದದ ಮೇಲೆ ಜಲ್ಲಿಯ ಬೂದುಬಣ್ಣದ ಪುಡಿ ಮಾತ್ರ ಇತ್ತು. ಕೆರೆ ಡಾಂಬರಿನಲ್ಲಿ ಅದು ಹುಟ್ಟಿದ ನೆಲದ ಮಣ್ಣು ಸೇರಿಕೊಂಡಿರುತ್ತದೆ, ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪಾದ ಕಂದು ಮಣ್ಣು, ಎಷ್ಟು ಕರಗಿಸಿದರೂ ಹೋಗುವುದಿಲ್ಲ, ಸೋಸಿದರೆ ಕಾಗದದ ಮೇಲೆ ನಿಲ್ಲುತ್ತದೆ. ಪೀಪಾಯಿ ಬಂದ ಹೊಸದರಲ್ಲಿ ಈರಬಸಪ್ಪನೇ ಕರೆದು ತೋರಿಸಿದ್ದ. ಈಗ ಅದು ಇಲ್ಲ. ಬೆರಳಿನಿಂದ ಉಜ್ಜಿ ನೋಡಿದ, ಬೆಳಕಿಗೆ ಹಿಡಿದು ನೋಡಿದ, ಇಲ್ಲ. ಈ ಚಪ್ಪಡಿ ಕೆರೆ ಡಾಂಬರಿನದಲ್ಲ. ಗಡಿಗಲ್ಲಿನ ಆಚೆಯದು. ತಾನು ಹಾಕಿಸಿದ ರಸ್ತೆ. ಹಟ್ಟಿಯಿಂದ ವಾಪಸ್ಸು ಬಂದ ಆ ಮಧ್ಯಾಹ್ನ ಈ ತುಂಡಿಗೆ ಡಾಂಬರು ಕಾಯಿಸುತ್ತಿದ್ದ ಬಾಯ್ಲರಿನಿಂದ ನೀಲಿ ಹೊಗೆ ಏಳುತ್ತಿತ್ತು. ಡಾಂಬರು ಸೀದುಹೋಗುತ್ತಿದೆ ಎಂಬುದಕ್ಕೆ ಅದೇ ಗುರುತು, ಒಲೆಯ ಮೇಲೆಯೇ ಅದರ ಅರ್ಧ ಆಯುಷ್ಯ ತೀರುತ್ತದೆ. ಉರಿ ತಗ್ಗಿಸಲೇನ್ರಿ ಎಂದು ಯಾರೋ ಕೇಳಿದ್ದರು. ಚಿತ್ತಪ್ಪ ತನ್ನ ಬೂಟಿನ ಅಡಿಯನ್ನು ಕಲ್ಲಿಗೆ ಉಜ್ಜುತ್ತ ನಿಂತಿದ್ದ, ಉತ್ತರ ಕೊಟ್ಟ ನೆನಪಿಲ್ಲ.

ಹೊರಗೆ ನೀರಿನ ತೊಟ್ಟಿಯ ಹತ್ತಿರ ಬೀಡಿ ಸೇದುತ್ತ ಕೂತಿದ್ದ ಪಾಲಯ್ಯನನ್ನು ಒಳಗೆ ಕರೆದ. "ಚಪ್ಪಡಿ ಎಲ್ಲಿ ಕಡಿದ್ರಿ?"

"ಅಲ್ಲೇ ಸ್ವಾಮಿ, ನೀವು ಹೇಳಿದ ತಾವ."

"ಗಡಿಗಲ್ಲಿನ ಈಚೆನೋ ಆಚೆನೋ?"

ಪಾಲಯ್ಯ ಬೀಡಿಯನ್ನು ಬೆನ್ನ ಹಿಂದೆ ಹಿಡಿದುಕೊಂಡ. "ಒಂದು ನಾಕು ಮಾರು ಆಚೆ ಆತು. ಎಲ್ಲಾ ಒಂದೇ ಕರೀದಲ್ವೇನ್ರಿ, ಅಂತ..."

"ಈಚೆ ಯಾಕೆ ಕಡೀಲಿಲ್ಲ?"

"ಅಲ್ಲಿ ಹೆಂಗೆ ಪಿಕಾಸಿ ಹಾಕಾಣ ಸ್ವಾಮಿ? ಅಂಚಿನ ತುಂಬ ಆ ಗೊರಸಿನ ಹೆಜ್ಜೆ ಅವೆ. ಅಷ್ಟು ಲಾರಿ ಓಡಾಡಿದ್ರೂ ಒಂದೂ ಅಳಿಸಿಲ್ಲ. ಬೆಂಕಿಯಂಥ ಟಾರಿನ ಮ್ಯಾಲೆ ಹೋದವು, ಒಂದು ಮರೀನೂ ಸಾಯ್ಲಿಲ್ಲ. ದೇವರೇ ಮುಂದೆ ನಿಂತು ಅವುನ್ನ ನಡೆಸ್ಕಂಡು ಹೋದ ಅಂತಾರೆ ಹಟ್ಟಿಯೋರು." ಪಾಲಯ್ಯ ಇನ್ನೇನೋ ಹೇಳಲು ಅನುಮಾನಿಸಿ, ಹೇಳಿಯೇಬಿಟ್ಟ. "ನಿಮ್ಮ ತಂದೇರೇ ಸೋಮವಾರ ಸೋಮವಾರ ಬಂದು ಅರಿಶಿಣ ಇಡ್ತಾರೆ. ನಿಮಗೆ ಗೊತ್ತೈತೆ ಅನ್ಕಂಡಿದ್ದೆ."

ಚಿತ್ತಪ್ಪನಿಗೆ ಗೊತ್ತಿರಲಿಲ್ಲ. ಜವನಗೊಂಡನಹಳ್ಳಿ ದಾಟುವಾಗೆಲ್ಲ ಅವನು ಜೀಪಿನಲ್ಲಿ ಆ ಕಡೆಗೆ ಮುಖವನ್ನೇ ತಿರುಗಿಸುತ್ತಿರಲಿಲ್ಲ. ತಂದೆ ರಸ್ತೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಗುಳಿಗೆ ಅರಿಶಿಣ ತುಂಬುತ್ತಿರುವುದು ಕಣ್ಣಿಗೆ ಕಟ್ಟಿತು. ತನ್ನ ಮಗ ತುಳಿದದ್ದನ್ನು ತನ್ನ ಕುರಿ ತುಳಿದದ್ದರಿಂದ ತೀರಿಸಿಕೊಳ್ಳುತ್ತಿದ್ದಾನೆಯೇ ಈ ಮುದುಕ? ಮರುಕ್ಷಣವೇ ಅವನಿಗೆ ಕಂಡದ್ದು ಬೇರೆ. ತಾನು ಏನನ್ನೂ ಮಾಡಿಲ್ಲ, ನೀರು ತಣ್ಣಗೆ ಮಾಡಿಲ್ಲ, ಸೂಜಿ ಕೆಡಿಸಿಲ್ಲ, ಕಡಿದವರು ಬೇರೆ, ತಂದವರು ಬೇರೆ. ಬಾಯಿ ಮುಚ್ಚಿಕೊಂಡು ಕೂತರೆ ಸಾಕು, ಈರಬಸಪ್ಪ ತಾನಾಗಿ ಉರುಳುತ್ತಾನೆ. ಬಾಯಿ ಮುಚ್ಚಿಕೊಳ್ಳುವುದು ತನಗೆ ಬರುವ ವಿದ್ಯೆ. "ಹೋಗ್ರಿ, ಇದನ್ನ ಯಾರಿಗೂ ಹೇಳ್ಬ್ಯಾಡ್ರಿ" ಎಂದು ಪಾಲಯ್ಯನನ್ನು ಕಳಿಸಿ, ಸೋಸಿದ ಕಾಗದವನ್ನು ಉಂಡೆ ಮಾಡಿ ಕಿಟಕಿಯಿಂದ ಎಸೆದ.

ಈರಬಸಪ್ಪ ಬಂದದ್ದು ಬಿಸಿಲು ನೆತ್ತಿಗೇರಿದ ಮೇಲೆ. ಅಂಗಿಯ ಬೆನ್ನು ಒದ್ದೆಯಾಗಿತ್ತು. ಹೂಜಿಯ ನೀರನ್ನು ಗಟಗಟ ಕುಡಿದು, "ಏನಯ್ಯ ಇದು, ಐಸ್ ಹಾಕೀಯ!" ಎಂದು ಬೆರಗಾದ. "ಬಿಸಿಲಲ್ವಾ ಸಾರ್" ಎಂದ ಚಿತ್ತಪ್ಪ. "ಒಳ್ಳೇವ್ನಾದೆ ನೀನು" ಎಂದು ಈರಬಸಪ್ಪ ನಗುತ್ತ ಬಂದು ಸೂಜಿಯ ಮುಂದೆ ಕೂತ. ಚಿತ್ತಪ್ಪ ಡಬ್ಬಿಯನ್ನು ಇಟ್ಟು, ಪಕ್ಕಕ್ಕೆ ಸರಿದು, ಗುಂಡಿ ಒತ್ತುವುದನ್ನು ಅವನಿಗೇ ಬಿಟ್ಟ. ಮುಳ್ಳು ಅಲುಗಿ ನಿಂತಿತು. ಈರಬಸಪ್ಪ ಮುಂದಕ್ಕೆ ಬಾಗಿದ. ಡಬ್ಬಿಯನ್ನು ಒಂದಿಷ್ಟು ತಿರುಗಿಸಿ ಮತ್ತೆ ಒತ್ತಿದ. ಮತ್ತೆ. ನೀರಿಗೆ ಬೆರಳದ್ದಿ ನೋಡಿದ, ಉಷ್ಣಮಾಪಕವನ್ನು ಎತ್ತಿ ಕಣ್ಣಿಗೆ ಹತ್ತಿರ ಹಿಡಿದ. ಎಲ್ಲ ಸರಿಯಾಗಿತ್ತು. ಕುತ್ತಿಗೆಯ ಹಿಂಭಾಗ ಕೆಂಪಗಾಗಿ, ಆಮೇಲೆ ಬಿಳಿಚಿಕೊಂಡಿತು. ಚಿತ್ತಪ್ಪ ಅದನ್ನು ಬಿಡದೆ ನೋಡಿದ. ಇದಕ್ಕಾಗಿಯೇ ಕಾದಿದ್ದನಲ್ಲ, ಒಂದು ಹನಿಯೂ ಚೆಲ್ಲದಂತೆ ಕುಡಿಯಬೇಕು.

"ಹಿಂಗಾಗಾಕೆ ಸಾಧ್ಯ ಇಲ್ಲ" ಎಂದ ಈರಬಸಪ್ಪ, ತನಗೆ ತಾನೇ. "ರಸ್ತೆ ಚೆನ್ನಾಗೈತೆ. ನಾನು ಮೊನ್ನೆನೂ ನೋಡಿದೀನಿ. ಒಂದು ಬಿರುಕಿಲ್ಲ."

"ಮೇಲೆ ಇಲ್ಲ ಸಾರ್."

"ಚಿತ್ತಪ್ಪಾರೇ..." ಐದು ವರ್ಷದಲ್ಲಿ ಮೊದಲ ಸಲ ಅವನ ಹೆಸರಿಗೆ ಬಾಲ ಬಂದಿತ್ತು. ಎಷ್ಟು ಸಿಹಿಯಾಗಿದೆ ಎಂದು ಚಿತ್ತಪ್ಪ ಒಳಗೊಳಗೇ ಚಪ್ಪರಿಸಿದ. "ನೀರು ಒಂಚೂರು ಬೆಚ್ಚಗಿದ್ದಿದ್ರೆ... ಅಂದ್ರೆ, ಬೇಸಿಗೆ ಅಲ್ವಾ, ಗಡಿಗೆ ನೀರಿನ ಬದ್ಲು ತೊಟ್ಟಿ ನೀರು ಹಾಕಿದ್ರೆ ಏನು ತಪ್ಪು? ಮುಂದಿನ ವಾರ ಬೆಂಗಳೂರಿನೋರು ಬರ್ತಾರೆ. ನೀವು ಮನಸ್ಸು ಮಾಡಿದ್ರೆ ಆಗ್ತದೆ."

"ಸುಳ್ಳು ಹೇಳಬೇಕಾ ಸಾರ್?"

ಕೇಳಿದ ದನಿಯಲ್ಲಿ ಎಂಥ ಮುಗ್ಧತೆ! ಚಿತ್ತಪ್ಪನಿಗೇ ತನ್ನ ಮೇಲೆ ಮೆಚ್ಚುಗೆಯಾಯಿತು. ಈರಬಸಪ್ಪ ಮುಖ ಎತ್ತಿದ. ಕಣ್ಣಲ್ಲಿ ನೀರಿತ್ತು. ಬೈಯುವುದಕ್ಕೆ ಮಾತ್ರ ತೆರೆಯುತ್ತದೆ ಎಂದುಕೊಂಡಿದ್ದ ಆ ಬಾಯಿ ಸಣ್ಣಗೆ ನಡುಗುತ್ತಿತ್ತು. "ಬ್ಯಾಡ" ಎಂದ. "ತಪ್ಪಾತು, ಕೇಳಬಾರದಿತ್ತು. ಸೂಜಿ ಹೇಳಿದ ಮೇಲೆ ಮುಗೀತು. ನಾನೇ ಎಲ್ಲರಿಗೂ ಹೇಳ್ಕೊಟ್ಟಿದ್ದು ಅದು." ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಕಾಗದದ ಉಂಡೆ ಕೆಳಗೆ ಬಿಸಿಲಿನಲ್ಲಿ ಬಿದ್ದಿತ್ತು, ಅವನು ಅದನ್ನು ನೋಡಿದರೂ ನೋಡಲಿಲ್ಲ. ಸಾರ್, ಇದು ನನ್ನ ರಸ್ತೆಯ ಚೂರು. ಈ ಮಾತೂ ಸಣ್ಣದೇ. ಅದು ನಾಲಗೆಗೆ ಬರುವುದನ್ನು ಚಿತ್ತಪ್ಪ ಕಾದ, ಬಂದರೆ ತಡೆಯಬೇಕೆಂದು ಹಲ್ಲು ಕಚ್ಚಿಕೊಂಡು ಕಾದ. ಬರಲೇ ಇಲ್ಲ. "ಅವರು ಬರೋದ್ರೊಳಗೆ ಅದನ್ನ ಕಿತ್ತು ಹಾಕ್ಸಿಬಿಡ್ರಿ" ಎಂದ ಈರಬಸಪ್ಪ, ತಿರುಗದೆ. "ಮೊದ್ಲು ಆ ಅಂಚು, ಆಮೇಲೆ ಪೂರಾ. ಸತ್ತ ರಸ್ತೆ ಮುಂದೆ ಅವರ ಜೊತೆ ನಿಂತ್ಕಳೋ ಶಕ್ತಿ ನನಗಿಲ್ಲ. ನಾಳೆ ಬೆಳಗ್ಗೇನೇ ಶುರು ಮಾಡ್ರಿ."

ನಾಳೆ ಸೋಮವಾರ. ಚಿತ್ತಪ್ಪನಿಗೆ ಅದು ತಕ್ಷಣ ಹೊಳೆಯಿತು, ಹೊಳೆದದ್ದನ್ನು ಅವನು ದೂರ ತಳ್ಳಲೂ ಇಲ್ಲ. ಅಂಚು, ಗೊರಸು, ಅರಿಶಿಣ, ಕುಕ್ಕರಗಾಲಲ್ಲಿ ಕೂತ ಮುದುಕ. ಈಗಲೂ ಹೇಳಬಹುದಿತ್ತು. ಹೇಳಿದರೆ ಈ ಬಾಗಿದ ಬೆನ್ನು ನೆಟ್ಟಗಾಗುತ್ತದೆ, ಆ ಗದ್ದ ಮೇಲೇಳುತ್ತದೆ, ಲೇ ಚಿತ್ತಪ್ಪ ಎನ್ನುತ್ತದೆ. ಅದನ್ನು ತಾಳಿಕೊಳ್ಳುವುದು ಅವನಿಂದ ಆಗದ ಮಾತು. "ಆಗಲಿ ಸಾರ್" ಎಂದ.

ಬೆಳಗ್ಗೆ ಅವನು ಹೋಗುವಷ್ಟರಲ್ಲಿ ಗ್ಯಾಂಗಿನವರು ಗಡಿಗಲ್ಲಿನ ಹತ್ತಿರ ಸಾಲಾಗಿ ನಿಂತಿದ್ದರು. ಪಿಕಾಸಿ, ಹಾರೆ, ಸಲಿಕೆಗಳು ನೆಲದ ಮೇಲೆ ಮಲಗಿದ್ದವು. ಕಲ್ಲಿನ ಆಚೆ ಚಿತ್ತಪ್ಪನ ರಸ್ತೆ, ಒಣಗಿದ ಕೆರೆಯಂಗಳದ ಹಾಗೆ ಸೀಳು ಸೀಳಾಗಿತ್ತು. ಈಚೆ ಕೆರೆ ಡಾಂಬರು ಎಳೆ ಬಿಸಿಲಿಗೆ ತಣ್ಣಗೆ, ಕರ್ರಗೆ, ಇಡಿಯಾಗಿ ಮಲಗಿತ್ತು. ಅಂಚಿನ ಗುಳಿಗಳಲ್ಲಿ ಹೋದ ವಾರದ ಅರಿಶಿಣ ಮಾಸಿ ಉಳಿದಿತ್ತು. ಅವನು ಮೊದಲ ಸಲ ಅವನ್ನು ಸರಿಯಾಗಿ ನೋಡಿದ. ಎಷ್ಟು ಪುಟ್ಟವು, ಒಂದೊಂದೂ ಎರಡು ಸೀಳಾಗಿ, ಕೆಲವು ಮರಿಗಳವು ಹುಣಿಸೆಬೀಜದಷ್ಟೇ.

"ನಮ್ಮ ಕೈಲಾಗಲ್ಲ ಸ್ವಾಮಿ" ಎಂದ ಪಾಲಯ್ಯ. "ಬೇಕಾದ್ರೆ ಕೆಲಸದಿಂದ ತೆಗೀರಿ. ನೀವು ಆ ಸಾಹೇಬ್ರಿಗೆ ಒಂದು ಮಾತು ಹೇಳಿದ್ರೆ ಮುಗೀತಿತ್ತು."

"ಹೇಳಾದಿಲ್ಲ" ಎಂದು ಚಿತ್ತಪ್ಪ ಕೂಗಿದ. ಬಾಯಿಗೆ ಬಂದದ್ದು ಹಟ್ಟಿಯ ಮಾತು. ಬಗ್ಗಿ ಪಿಕಾಸಿ ಎತ್ತಿಕೊಂಡ. ಅವನ ಕೈಗೆ ಈ ಕೆಲಸದ ರೂಢಿ ತಪ್ಪಿ ಎಷ್ಟೋ ಕಾಲವಾಗಿತ್ತು. ಮೊದಲ ಏಟು ಗುಳಿಗಳಿಂದ ಒಂದು ಗೇಣು ದೂರ ಬಿತ್ತು. ರಸ್ತೆ ಒಡೆಯಲಿಲ್ಲ, ಮಂದವಾದ ಸದ್ದು ಮಾಡಿ ಪಿಕಾಸಿಯ ಮೂತಿಯನ್ನು ಕಚ್ಚಿಕೊಂಡಿತು, ಬಿಟ್ಟಿತು. ಎರಡನೆಯದಕ್ಕೂ ಅಷ್ಟೇ. ಐದು ವರ್ಷದ ಬಿಸಿಲು ಅದಕ್ಕೆ ತಾಗಿಯೇ ಇರಲಿಲ್ಲ. ಈರಬಸಪ್ಪ ಹೇಳಿದ್ದು ನಿಜ ಎಂದು ಅವನ ಭುಜಗಳಿಗೆ ಗೊತ್ತಾಗುತ್ತಿತ್ತು, ಗೊತ್ತಾದಷ್ಟೂ ರೋಷ ಉಕ್ಕಿತು, ಒಡೆಯೇ, ಒಡೆಯೇ ಎಂದು ಹಲ್ಲಿನ ಸಂದಿಯಲ್ಲಿ ಬೈಯುತ್ತ ಹೊಡೆದ. ಗ್ಯಾಂಗಿನವರು ಸುಮ್ಮನೆ ನೋಡುತ್ತಿದ್ದವರು ಒಮ್ಮೆಲೇ ಹಿಂದಕ್ಕೆ ಸರಿದರು. ಚಿತ್ತಪ್ಪ ತಲೆ ಎತ್ತಿದ.

ಕಾಟಲಿಂಗಪ್ಪ ಹಳ್ಳದ ಕಡೆಯಿಂದ ಹತ್ತಿ ಬಂದು ನಿಂತಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಅರಿಶಿಣದ ಬಟ್ಟಲು. ಬಹಳ ಸೊರಗಿದ್ದಾನೆ ಎಂದು ಮಗನಿಗೆ ಅನ್ನಿಸಿತು. ಬೈಯಲಿ. ಕೈಯಲ್ಲಿದ್ದದ್ದನ್ನು ಮುಖಕ್ಕೆ ಎಸೆಯಲಿ, ಲೇ ಹಲ್ಕಾ ಎನ್ನಲಿ, ಕೋಲಿನಿಂದ ನಾಲ್ಕು ಬಿಗಿಯಲಿ. ಅದೊಂದು ‘ಲೇ’ ಬಿದ್ದರೆ ತಾನು ಪಿಕಾಸಿ ಬಿಸಾಕಿ ಈ ರಸ್ತೆಯ ಮೇಲೆಯೇ ಬೀಳುತ್ತೇನೆ, ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ಚಿತ್ತಪ್ಪ ಉಸಿರು ಹಿಡಿದು ನಿಂತ. ಮುದುಕ ಪಿಕಾಸಿಯನ್ನು ನೋಡಿದ. ಬಟ್ಟಲನ್ನು ಪಾಲಯ್ಯನ ಕೈಗೆ ಕೊಟ್ಟ.

"ಒಂಚೂರು ತಡೀರಿ ಸ್ವಾಮಿ" ಎಂದ ಮಗನಿಗೆ.

ಅಂಚಿನ ಮೇಲೆ ಮಂಡಿಯೂರಿ ಕೂತು, ಪಂಚೆಯ ತುದಿಯಿಂದ ಒಂದೊಂದೇ ಗುಳಿಯ ಹಳೆಯ ಅರಿಶಿಣವನ್ನು ಒರೆಸತೊಡಗಿದ. ಅವಸರವೇನೂ ಇರಲಿಲ್ಲ. ಮರಿಗಳ ಗುಳಿಗೆ ಬೆರಳು ಹಾಕಿ ಕೆದಕಿ ತೆಗೆದ. ಲಾರಿಯೊಂದು ಹಾರನ್ ಹೊಡೆಯುತ್ತ ಪಕ್ಕದಿಂದ ಹೋಯಿತು. ಕೊನೆಯದೂ ಬರಿದಾದ ಮೇಲೆ ಕೈಯೂರಿ ಎದ್ದು, ಪಂಚೆ ಕೊಡವಿಕೊಳ್ಳದೆ ಹಾಗೇ ಮುದುರಿ ಹಿಡಿದುಕೊಂಡು, ದಾರಿ ಬಿಟ್ಟು ಪಕ್ಕಕ್ಕೆ ನಿಂತ.

"ಆತು ಸಾಹೇಬ್ರೆ. ಈಗ ಹಾಕ್ರಿ."